‘ಕ್ಯಾನನ್’ ಪದಕ್ಕೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ಮೈಲಿಗೆಯ ಬಗ್ಗೆ ಒಂದು ಪ್ರಶ್ನೆ

ಗೆಳೆಯರಿಗೆ ನಮಸ್ಕಾರ.

ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡು ಎರಡು ವಾರವಾಯಿತು. ಯೆಹೂದಿಗಳ ಮತ್ತು ಕ್ರೈಸ್ತರ ಪವಿತ್ರ ಪುಸ್ತಕಗಳು ಒಂದೊಂದಾಗಿ ಸೇರಿ ಇವತ್ತಿನ ರೂಪಕ್ಕೆ ಹೇಗೆ ಬಂದವು ಅಂತ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ‘ಕ್ಯಾನನ್’ ಎದುರಾಯಿತು. ಇಂತಿಷ್ಟು ಪುಸ್ತಕಗಳು ನಮ್ಮವು, ಉಳಿದವು ಅಲ್ಲ ಅಂತ ಒಂದು ಸಮುದಾಯ ಒಪ್ಪಿಕೊಂಡ ಪಟ್ಟಿಗೆ ಆ ಹೆಸರು. ನಾನು ಸುಮ್ನೆ ‘ಅಧಿಕೃತ ಗ್ರಂಥಗಳು’ ಅಂತ ಬರೆದು ಮುಂದೆ ಹೋದೆ. ಮಾರನೇ ದಿನ ಓದಿದಾಗ ಅದು ತಪ್ಪು ಅನ್ನಿಸಿತು.

‘ಅಧಿಕೃತ’ ಅಂದ ಕೂಡಲೇ ಕಣ್ಣಿಗೆ ಬರುವುದು ಸೀಲು, ಸಹಿ, ಸುತ್ತೋಲೆ. ಯಾರೋ ಮೇಲಿನವರು ಒಂದು ದಿನ ಕೂತು, ಇದು ಇರಲಿ, ಇದು ಬೇಡ ಅಂತ ತೀರ್ಮಾನ ಮಾಡಿದ ಹಾಗೆ. ನಡೆದದ್ದು ಹಾಗಲ್ಲ. ನೂರಾರು ವರ್ಷ ಜನ ಓದಿದರು, ನಕಲು ಮಾಡಿದರು, ಜಗಳವಾಡಿದರು. ಪಟ್ಟಿ ಬಂದದ್ದು ಕೊನೆಯಲ್ಲಿ.

ಮೂಲ ಪದ ಬೇರೆಯೇ ಚಿತ್ರ ಕೊಡುತ್ತದೆ. ಗ್ರೀಕಿನ ‘ಕನೋನ್’ ಅಂದರೆ ನೆಟ್ಟಗಿರುವ ಕೋಲು, ಅಳೆಯುವ ಕೋಲು. ಅದು ಹೀಬ್ರುವಿನ ‘ಕಾನೆ’ ಅನ್ನುವ ಪದದ ನಂಟು. ಹಾಗೆಂದರೆ ನೀರಿನ ಪಕ್ಕ ಬೆಳೆಯುವ ಜೊಂಡು, ಆಪು. ಬೈಬಲ್ಲಿನ ಯೆಹೆಜ್ಕೇಲನ ಪುಸ್ತಕದ 40ನೇ ಅಧ್ಯಾಯದಲ್ಲಿ ಒಬ್ಬ ದೇವಾಲಯವನ್ನು ಅಳೆಯಲು ಆರು ಮೊಳದ ಕೋಲು ಹಿಡಿದು ನಿಂತಿರುತ್ತಾನೆ ಅಲ್ವಾ, ಅವನ ಕೈಯಲ್ಲಿರುವುದು ಇದೇ ‘ಕಾನೆ’. ಜೊಂಡು ಕೋಲಾಯಿತು, ಕೋಲು ಅಳತೆಯಾಯಿತು, ಅಳತೆ ನಿಯಮವಾಯಿತು. ಪುಸ್ತಕಗಳ ಪಟ್ಟಿ ಅನ್ನುವ ಅರ್ಥ ಬಂದದ್ದು ತೀರಾ ತಡವಾಗಿ, ನಾಲ್ಕನೇ ಶತಮಾನದಲ್ಲಿ.

ಇಲ್ಲಿ ನನಗೆ ನೆನಪಾದದ್ದು ನಮ್ಮ ‘ಗಳೆ’. ಶಾಸನಗಳಲ್ಲಿ ಹೊಲ ದಾನ ಕೊಡುವಾಗ ಯಾವ ಗಳೆಯಲ್ಲಿ ಅಳೆದದ್ದು ಅಂತಲೂ ಬರೆಸುತ್ತಿದ್ದರು. ಬನವಾಸಿ ನಾಡಿನ ಕಡೆ ‘ಭೇರುಂಡ ಗಳೆ’ ಅಂತಲೇ ಒಂದು ಇತ್ತು. ಬಿದಿರಿನ ಗಳೆ ಒಂದು ಊರಿನ ಪ್ರಮಾಣವಾಗಿ ನಿಂತದ್ದಕ್ಕೂ, ಜೊಂಡಿನ ಕೋಲು ‘ಕನೋನ್’ ಆದದ್ದಕ್ಕೂ ದಾರಿ ಒಂದೇ. ಆದರೆ ‘ಬೈಬಲ್ಲಿನ ಗಳೆ’ ಅಂದರೆ ಇವತ್ತು ಯಾರಿಗೆ ಅರ್ಥವಾದೀತು? ಆಸೆಯಿದ್ದರೂ ಬಿಡಬೇಕಾಯಿತು.

ಒಂದೇ ಪದಕ್ಕೆ ನಿಯಮ, ಪಟ್ಟಿ ಎರಡೂ ಅರ್ಥ ಇರುವುದರಿಂದ ಗೊಂದಲವೂ ಆಗಿದೆ. ಕ್ರಿ.ಶ. 325ರಲ್ಲಿ ಬಿಷಪ್ಪರೆಲ್ಲ ಸೇರಿದ ನೈಸಿಯಾ ಸಭೆಯಲ್ಲಿ ಬೈಬಲ್ಲಿನ ಪುಸ್ತಕಗಳನ್ನು ಆರಿಸಿದರು ಅಂತ ಜಾಸ್ತಿ ಜನ ನಂಬಿದ್ದಾರೆ. ಕನ್ನಡದಲ್ಲೂ ಓದಿದ್ದೇನೆ. ಆ ಸಭೆ ಹೊರಡಿಸಿದ 20 ‘ಕ್ಯಾನನ್’ಗಳು ಇವೆ, ನಿಜ. ಆದರೆ ಅವು ಬಿಷಪ್ಪರ ನೇಮಕ, ಪಾದ್ರಿಗಳು ಬಡ್ಡಿ ತೆಗೆದುಕೊಳ್ಳಬಾರದು, ಭಾನುವಾರ ನಿಂತು ಪ್ರಾರ್ಥಿಸಬೇಕು ಅನ್ನುವಂಥ ಕಟ್ಟಳೆಗಳು. ಯಾವ ಪುಸ್ತಕ ಸೇರಬೇಕು ಅನ್ನುವ ಮಾತು ಒಂದರಲ್ಲೂ ಇಲ್ಲ. ಈ ತಪ್ಪು ಹಬ್ಬುವುದಕ್ಕೆ ಪದದ ಇಬ್ಬಗೆಯೂ ಒಂದಿಷ್ಟು ಕಾರಣ ಅಂತ ನನ್ನ ಊಹೆ. ಕನ್ನಡದಲ್ಲಿ ಎರಡಕ್ಕೆ ಎರಡು ಪದ ಇಟ್ಟುಕೊಂಡರೆ ನಮಗಾದರೂ ಈ ತೊಡಕು ತಪ್ಪುತ್ತದೆ. ಸಭೆಯ ನಿಯಮಕ್ಕೆ ‘ಕಟ್ಟಳೆ’ ಸಾಕು. ಪಟ್ಟಿಗೆ ಏನು?

ಇನ್ನು ಯೆಹೂದಿ ಪಂಡಿತರು. ಅವರಿಗೆ ‘ಕ್ಯಾನನ್’ ಪದವೇ ಬೇಕಾಗಿರಲಿಲ್ಲ. ಒಂದು ಪುಸ್ತಕ ಪವಿತ್ರವೋ ಅಲ್ಲವೋ ಅಂತ ಕೇಳಬೇಕಾದರೆ ಅವರು ಕೇಳುತ್ತಿದ್ದದ್ದು ಹೀಗೆ: ‘ಇದು ಕೈಯನ್ನು ಮೈಲಿಗೆ ಮಾಡುತ್ತದೋ?’ ಮಾಡಿದರೆ ಪವಿತ್ರ. ಕ್ರಿ.ಶ. 200ರ ಸುಮಾರಿಗೆ ಒಟ್ಟಾದ ಮಿಷ್ನಾದಲ್ಲಿ, ಅಂದರೆ ಯೆಹೂದಿ ಪಂಡಿತರ ಧರ್ಮನಿಯಮಗಳ ಸಂಗ್ರಹದಲ್ಲಿ, ‘ಯಾದಯಿಮ್’, ಅಂದರೆ ‘ಕೈಗಳು’, ಅಂತಲೇ ಒಂದು ಭಾಗ ಇದೆ. ಎಲ್ಲ ಪವಿತ್ರ ಬರಹಗಳೂ ಕೈಯನ್ನು ಮೈಲಿಗೆ ಮಾಡುತ್ತವೆ ಅನ್ನುತ್ತದೆ ಅದು. ಪರಮಗೀತೆ ಮತ್ತು ಪ್ರಸಂಗಿ, ಬೈಬಲ್ಲಿನ ಈ ಎರಡು ಪುಸ್ತಕಗಳ ಬಗ್ಗೆ ಪಂಡಿತರಲ್ಲಿ ವಾದ ನಡೆದದ್ದನ್ನೂ ಹೇಳುತ್ತದೆ. ಪರಮಗೀತೆಯ ಬಗ್ಗೆ ಸಂಶಯವೇ ಬೇಡ ಅಂತ ರಬ್ಬಿ ಅಕೀವ ಪಟ್ಟು ಹಿಡಿಯುತ್ತಾನೆ. ಬರಹಗಳೆಲ್ಲ ಪವಿತ್ರ, ಪರಮಗೀತೆ ಪವಿತ್ರಕ್ಕೆಲ್ಲ ಪವಿತ್ರ ಅನ್ನುತ್ತಾನೆ.

ಮೊದಲ ಸಲ ಓದಿದಾಗ ನನಗೆ ಎಲ್ಲ ತಲೆಕೆಳಗಾಗಿ ಕಂಡಿತು. ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಅಲ್ಲಿ ಪವಿತ್ರ ಸುರುಳಿಯನ್ನು ಮುಟ್ಟಿದರೆ ಕೈ ತೊಳೆಯಬೇಕು. ಮಿಷ್ನಾದ ಮೇಲಿನ ಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮೂದ್ ಒಂದು ಕಾರಣ ಕೊಡುತ್ತದೆ, ಮನೆ ನಡೆಸಿದವರಿಗೆ ತಕ್ಷಣ ಅರ್ಥವಾಗುವಂಥದ್ದು. ಯಾಜಕರಿಗೆ ಮೀಸಲಿಟ್ಟ ಧಾನ್ಯವನ್ನು ಜನ ತೋರಾದ, ಅಂದರೆ ಮೋಶೆಯ ಐದು ಪುಸ್ತಕಗಳ, ಸುರುಳಿಯ ಪಕ್ಕದಲ್ಲೇ ಇಡುತ್ತಿದ್ದರಂತೆ. ಇದೂ ಪವಿತ್ರ, ಅದೂ ಪವಿತ್ರ, ಒಟ್ಟಿಗಿರಲಿ ಅಂತ. ಇದರಿಂದ ಸುರುಳಿ ಹಾಳಾಗುತ್ತಿತ್ತು ಅಂತಷ್ಟೇ ತಾಲ್ಮೂದ್ ಹೇಳುತ್ತದೆ, ಬಿಡಿಸಿ ಹೇಳಿದ್ದು ಆಮೇಲಿನ ವ್ಯಾಖ್ಯಾನಕಾರರು: ಧಾನ್ಯಕ್ಕೆ ಇಲಿ ಬಂತು. ಇಲಿ ಧಾನ್ಯ ತಿಂದು ಸುಮ್ಮನಿರುತ್ತದಾ? ಸುರುಳಿಯನ್ನೂ ಕಡಿಯಿತು. ಆಗ ಪಂಡಿತರು ಸುರುಳಿಗೆ ಮೈಲಿಗೆ ವಿಧಿಸಿದರು. ಆಮೇಲೆ ಮೀಸಲು ಧಾನ್ಯವನ್ನು ಯಾರೂ ಅದರ ಹತ್ತಿರ ತರಲಿಲ್ಲ.

ಇನ್ನೊಂದು ಕಾರಣ ಮಿಷ್ನಾದಲ್ಲೇ ಇದೆ. ಗ್ರೀಕ್ ಕವಿ ಹೋಮರನ ಪುಸ್ತಕ ಮುಟ್ಟಿದರೆ ಮೈಲಿಗೆಯಿಲ್ಲ, ಪವಿತ್ರ ಬರಹ ಮುಟ್ಟಿದರೆ ಮೈಲಿಗೆ, ಇದೆಂಥ ನ್ಯಾಯ ಅಂತ ಈ ಪಂಡಿತರನ್ನು ಒಪ್ಪದ ಇನ್ನೊಂದು ಯೆಹೂದಿ ಪಂಗಡ, ಸದ್ದುಕಾಯರು, ಕೇಳುತ್ತಾರೆ. ಉತ್ತರ ರಬ್ಬಿ ಯೋಹಾನಾನ್ ಬೆನ್ ಜಕ್ಕಾಯಿಯದು. ಕತ್ತೆಯ ಮೂಳೆಗೆ ಮೈಲಿಗೆಯಿಲ್ಲ, ಮನುಷ್ಯನ ಮೂಳೆಗೆ ಇದೆ, ಯಾಕೆ? ಪ್ರೀತಿ ಎಷ್ಟೋ ಮೈಲಿಗೆ ಅಷ್ಟು. ಇಲ್ಲದಿದ್ದರೆ ಯಾರಾದರೂ ಅಪ್ಪ ಅಮ್ಮನ ಮೂಳೆಯಲ್ಲಿ ಚಮಚ ಮಾಡಿಕೊಂಡಾರು. ಪವಿತ್ರ ಬರಹವೂ ಹಾಗೆಯೇ.

‘ಪ್ರೀತಿ ಎಷ್ಟೋ ಮೈಲಿಗೆ ಅಷ್ಟು’ ಅನ್ನುವ ಈ ಸಾಲನ್ನು ಕನ್ನಡಕ್ಕೆ ತರುವಾಗ ನನಗೆ ಬೇರೆ ಪದ ತೋಚಲೇ ಇಲ್ಲ. ‘ಅಶುದ್ಧ’ ಅಂತ ಬರೆದರೆ ಕೊಳೆ ಅನ್ನಿಸುತ್ತದೆ, ಮಾತು ಸಾಯುತ್ತದೆ. ‘ಮೈಲಿಗೆ’ ಅಂದರೆ ಸಾವಿನ ಮನೆ ನೆನಪಾಗುತ್ತದೆ. ನಮ್ಮಲ್ಲೂ ನೆಂಟಸ್ತಿಕೆ ಎಷ್ಟು ಹತ್ತಿರವೋ ಸೂತಕ ಅಷ್ಟು ದಿನ. ನಮ್ಮಜ್ಜಿ ತೀರಿಕೊಂಡಾಗ ಅಪ್ಪ ಹನ್ನೊಂದು ದಿನ ಯಾವುದನ್ನೂ ಮುಟ್ಟದೆ ಕೂತಿದ್ದರು. ದೂರದ ನೆಂಟರು ಸ್ನಾನ ಮಾಡಿ ಎದ್ದು ಹೋದರು. ಹತ್ತಿರದವರಿಗೇ ಮೈಲಿಗೆ ಜಾಸ್ತಿ. ಬೆನ್ ಜಕ್ಕಾಯಿ ಹೇಳಿದ್ದೂ ಅದನ್ನೇ.

ಆದರೂ ಕೈ ನಡುಗುತ್ತದೆ. ಇದೇ ‘ಮೈಲಿಗೆ’ ಪದವನ್ನು ನಮ್ಮ ನಾಡಿನಲ್ಲಿ ಮನುಷ್ಯರನ್ನು ದೂರ ಇಡಲು ಬಳಸಿದ್ದಾರೆ. ಆ ನೋವು ತಿಂದವರು ಈ ಸಾಲು ಓದಿದಾಗ ಅವರಿಗೆ ಏನಾಗುತ್ತದೆ? ಮಿಷ್ನಾದ ಈ ಮಾತು ಪುಸ್ತಕ ಮತ್ತು ಕೈಯ ಬಗ್ಗೆ, ಹುಟ್ಟಿನ ಬಗ್ಗೆ ಅಲ್ಲ. ಅದನ್ನು ಲೇಖನದೊಳಗೇ ಬಿಡಿಸಿ ಹೇಳಬೇಕು ಅಂದುಕೊಂಡಿದ್ದೇನೆ. ಅಷ್ಟು ಸಾಕೋ ಗೊತ್ತಿಲ್ಲ.

ಈಗ ಪಟ್ಟಿಯ ಪದಕ್ಕೆ ಬರುತ್ತೇನೆ. ದಾರಿ ತೋರಿಸಿದ್ದು ಯೂಸೆಬಿಯಸ್ ಅನ್ನುವ ಬಿಷಪ್. ಕ್ರಿ.ಶ. 325ರ ಹೊತ್ತಿಗೆ ಮುಗಿಸಿದ ಚರ್ಚಿನ ಚರಿತ್ರೆಯಲ್ಲಿ ಅವನು ಪುಸ್ತಕಗಳನ್ನು ವಿಂಗಡಿಸುತ್ತಾನೆ. ಕೆಲವು ‘ಹೊಮೊಲೊಗೂಮೆನ’, ಎಲ್ಲರೂ ಒಪ್ಪಿದವು. ಕೆಲವು ‘ಆಂಟಿಲೆಗೊಮೆನ’, ತಕರಾರಿರುವವು. ಯಾಕೋಬನ ಪತ್ರ, ಯೂದನ ಪತ್ರ, ಪೇತ್ರನ ಎರಡನೆಯ ಪತ್ರ, ಯೋಹಾನನ ಎರಡು ಮತ್ತು ಮೂರನೆಯ ಪತ್ರಗಳು ತಕರಾರಿನ ಗುಂಪಿನಲ್ಲಿವೆ. ಪ್ರಕಟನೆಯ ಪುಸ್ತಕವನ್ನಂತೂ ಒಪ್ಪಿದವುಗಳ ಜೊತೆಗೂ ಹೇಳುತ್ತಾನೆ, ತಳ್ಳಿಹಾಕಿದವುಗಳ ಜೊತೆಗೂ ಹೇಳುತ್ತಾನೆ, ಬೇಕಾದ ಕಡೆ ಇಟ್ಟುಕೊಳ್ಳಿ ಅನ್ನುವಂತೆ. ಆಗ ನಿಜವಾದ ಸ್ಥಿತಿ ಅದೇ ಆಗಿತ್ತು.

ಇವತ್ತಿನ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನೇ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಮೊದಲು ಹೆಸರಿಸಿದ್ದು ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್, ಕ್ರಿ.ಶ. 367ರ ಈಸ್ಟರ್ ಪತ್ರದಲ್ಲಿ. ಅದೇ ಪತ್ರದಲ್ಲಿ ಅವನು ಎಸ್ತೇರಳ ಪುಸ್ತಕವನ್ನು ಹಳೆಯ ಒಡಂಬಡಿಕೆಯ ಪಟ್ಟಿಯಿಂದ ಹೊರಗಿಟ್ಟಿದ್ದ. ಸಿರಿಯಾಕ್ ಭಾಷೆಯ ಬೈಬಲ್ಲಾದ ಪೆಶಿತ್ತಾದಲ್ಲಿ ಹೊಸ ಒಡಂಬಡಿಕೆಗೆ 22 ಪುಸ್ತಕಗಳು ಮಾತ್ರ ಇದ್ದವು. ಹೀಗಿರುವಾಗ ‘ಅಧಿಕೃತ’ ಎಲ್ಲಿ ಕೂರುತ್ತದೆ? ಅದು ಸರಿಯಾಗಿ ಕೂರುವುದು 1546ರಲ್ಲಿ. ಕಥೋಲಿಕ ಬಿಷಪ್ಪರ ಟ್ರೆಂಟ್ ಸಭೆ ತಮ್ಮ ಪಟ್ಟಿಯನ್ನು ಆಜ್ಞೆಯಾಗಿಯೇ ಹೊರಡಿಸಿತು. ಇವತ್ತು ಕಥೋಲಿಕರ ಬೈಬಲ್ಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟಂಟರದರಲ್ಲಿ 66.

ಹಾಗಾಗಿ ಟ್ರೆಂಟ್‌ವರೆಗಿನ ಕಾಲಕ್ಕೆ ‘ಒಪ್ಪಿದ ಪುಸ್ತಕಗಳು’, ಟ್ರೆಂಟಿನ ಪಟ್ಟಿಗೆ ‘ಅಧಿಕೃತ ಪಟ್ಟಿ’ ಅಂತ ಬರೆದಿದ್ದೇನೆ. ವಾಕ್ಯದೊಳಗೆ ಚೆನ್ನಾಗಿಯೇ ಓಡುತ್ತದೆ. ತೊಂದರೆ ಇರುವುದು ಕ್ರಿಯೆಯನ್ನು ಹೇಳುವಾಗ. ಒಂದು ಪುಸ್ತಕ ನಿಧಾನವಾಗಿ ಈ ಪಟ್ಟಿಯೊಳಗೆ ಬರುವುದಕ್ಕೆ ಏನನ್ನಬೇಕು? ‘ಅಂಗೀಕಾರ’ ಅಂದರೆ ವಿಧಾನಸಭೆಯ ಮಸೂದೆ ಆಗುತ್ತದೆ. ‘ಸೇರ್ಪಡೆ’ ಅಂದರೆ ಮತದಾರರ ಪಟ್ಟಿ. ‘ನೆಲೆಗೊಳ್ಳುವುದು’ ಇದ್ದುದರಲ್ಲಿ ಹತ್ತಿರ: ‘ಪರಮಗೀತೆ ನೆಲೆಗೊಂಡಿತು’.

ನಿಮ್ಮಲ್ಲಿ ಚರ್ಚಿಗೆ ಹೋಗುವವರಿದ್ದರೆ ಹೇಳಿ, ನಿಮ್ಮ ಸಭಾಪಾಲಕರು ಅಥವಾ ಫಾದರ್ ಕನ್ನಡದಲ್ಲಿ ಈ ಮಾತು ಬಂದಾಗ ಯಾವ ಪದ ಬಳಸುತ್ತಾರೆ? ಬಾಯಲ್ಲಿ ಬರುವ ಪದವೇ ಬೇಕು, ನಿಘಂಟಿನದಲ್ಲ. ‘ಮೈಲಿಗೆ’ಯ ಬಗ್ಗೆ, ಅದನ್ನು ಬಿಡು ಅನ್ನುವವರಿದ್ದರೆ, ಬೆನ್ ಜಕ್ಕಾಯಿಯ ಆ ಒಂದು ಸಾಲನ್ನು ನಿಮ್ಮ ಕನ್ನಡದಲ್ಲಿ ಬರೆದು ಕಳಿಸಿ.