ಮುಖದಲ್ಲಿ ಭಾವನೆ ತೋರಿಸದವರಿಗೆ ಇಂಗ್ಲಿಷ್‌ನಲ್ಲಿ ‘ಸ್ಟೋಯಿಕ್’ ಒಂದೇ ಸಾಕೇ?

ಮಸಿಕುಡಿಕೆ: ಕಥೆಯೊಂದನ್ನು ಇಂಗ್ಲಿಷಿಗೆ ತರುವಾಗ ಎದುರಾದ ಪ್ರಶ್ನೆ. ಮೂಲದ ವಾಕ್ಯ: ‘ಮಗನ ಸಾವಿನ ಸುದ್ದಿ ಕೇಳಿದಾಗಲೂ ಅವರ ಮುಖದಲ್ಲಿ ಒಂದು ಗೆರೆ ಕದಲಲಿಲ್ಲ.’ ಸಮಾನಾರ್ಥಕಗಳ ಪಟ್ಟಿಯಲ್ಲಿ ಸ್ಟೋಯಿಕ್, ಇಂಪ್ಯಾಸಿವ್, ಸ್ಟಾಲಿಡ್, ಫ್ಲೆಗ್‌ಮ್ಯಾಟಿಕ್, ಅಪಥೆಟಿಕ್ ಎಲ್ಲ ಒಂದೇ ಸಾಲಲ್ಲಿ ಕೂತಿವೆ. ಸ್ಟೋಯಿಕ್ ಹಾಕಿದರೆ ಎಲ್ಲ ಕಡೆಯೂ ನಡೆಯುತ್ತೆ ಅನ್ನೋದು ನನ್ನ ಅಂದಾಜು. ಸರಿಯೇ?

ತಿದ್ದೋಲೆ: ಎಲ್ಲ ಕಡೆ ನಡೆಯಲ್ಲ. ಸ್ಟೋಯಿಕ್ ಅನ್ನಬೇಕಾದರೆ ಮೊದಲು ಸಹಿಸಿಕೊಳ್ಳುವಂಥದ್ದೇನಾದರೂ ಇರಬೇಕು: ನೋವು, ಸಾವು, ಸೋಲು, ಅವಮಾನ. ಸಮಾರಂಭದ ಮೂಲೆಯಲ್ಲಿ ಸುಮ್ಮನೆ ಕೂತವರನ್ನು ಸ್ಟೋಯಿಕ್ ಅಂದರೆ ಓದುಗ ‘ಇವರಿಗೇನು ಕಷ್ಟ ಬಂದಿದೆ?’ ಅಂತ ಹುಡುಕತೊಡಗುತ್ತಾನೆ. ಅಲ್ಲಿಗೆ ರಿಸರ್ವ್ಡ್ (ಮನಸ್ಸು ಬಿಚ್ಚಿ ಮಾತಾಡದವರು) ಸಾಕು. ತಾನಾಗಿಯೇ ದೂರ ನಿಂತಿದ್ದರೆ ಅಲೂಫ್. ಅದು ಹಡಗಿನವರ ಮಾತು. ದಡಕ್ಕೆ ಬಡಿಯದಂತೆ ಹಡಗಿನ ಮೂತಿಯನ್ನು ಗಾಳಿ ಬರುವ ಕಡೆಗೆ ಹಿಡಿದು ದೂರ ಇಡುವುದರಿಂದ ಬಂತು. ಅದಕ್ಕೇ ಅದರಲ್ಲಿ ‘ಬೇಕಂತಲೇ ಅಂತರ ಕಾಯ್ದುಕೊಂಡಿದ್ದಾರೆ’ ಅನ್ನೋ ಸಣ್ಣ ದೂರು ಇದೆ.

ನಡುಹಗಲು: ಆದರೆ ಮಸಿಕುಡಿಕೆಯವರ ವಾಕ್ಯದಲ್ಲಿ ಮಗನ ಸಾವೇ ಇದೆಯಲ್ಲ! ಸಹಿಸಲು ಇದಕ್ಕಿಂತ ದೊಡ್ಡ ಭಾರ ಇನ್ನೇನು ಬೇಕು? ಇಲ್ಲಿ ಸ್ಟೋಯಿಕ್ ಪಕ್ಕಾ ಕೂರುತ್ತೆ.

ತಿದ್ದೋಲೆ: ಭಾರ ಇದೆ, ಒಪ್ಪಿದೆ. ಆದರೆ ಸ್ಟೋಯಿಕ್ ಅಂದ ಕೂಡಲೇ ಎರಡು ವಿಷಯ ನಾವೇ ಸೇರಿಸಿದಂತಾಗುತ್ತೆ. ಒಂದು, ಒಳಗೆ ದುಃಖವಿದೆ, ತಡೆದುಕೊಂಡಿದ್ದಾರೆ ಅಂತ. ಇನ್ನೊಂದು, ಹಾಗೆ ತಡೆದುಕೊಳ್ಳೋದು ಮೆಚ್ಚುವಂಥದ್ದು ಅಂತ. ಮೂಲದ ಲೇಖಕರು ಎರಡನ್ನೂ ಹೇಳಿಲ್ಲ. ಮುಖ ಕದಲಲಿಲ್ಲ ಅಂದರು, ಅಷ್ಟೇ. ಹೊರಗೆ ಕಂಡದ್ದನ್ನು ಮಾತ್ರ ಹೇಳುವ ಪದ ಇಂಪ್ಯಾಸಿವ್. ನಮ್ಮ ‘ನಿರ್ವಿಕಾರ’ಕ್ಕೆ ತುಂಬ ಹತ್ತಿರ.

ಹಳೆಗನ್ನಡಿ: ಇಂಪ್ಯಾಸಿವ್ ಬಳಸುವವರು ಎರಡು ಕಡೆ ಎಡವುತ್ತಾರೆ. ಅದನ್ನು ಪ್ಯಾಸಿವ್‌ಗೆ ವಿರುದ್ಧ ಪದ ಅಂದುಕೊಳ್ಳೋದು ಒಂದು. ಎರಡೂ ಒಂದೇ ಲ್ಯಾಟಿನ್ ಬೇರಿನವು, ಆ ಬೇರಿಗೆ ಅನುಭವಿಸು, ನೋವುಣ್ಣು ಅಂತ ಅರ್ಥ. ಆದರೆ ಪ್ಯಾಸಿವ್ ಅಂದರೆ ಆದದ್ದಾಗಲಿ ಅಂತ ಕೈಕಟ್ಟಿ ಕೂರುವವನು, ಇಂಪ್ಯಾಸಿವ್ ಅಂದರೆ ಮುಖದಲ್ಲಿ ಏನೂ ಕಾಣಿಸದವನು. ಇನ್ನೊಂದು ಎಡವು ಹೆಚ್ಚು ಅಪಾಯದ್ದು: ಇಂಪ್ಯಾಶನ್ಡ್. ಅಲ್ಲಿ ‘ಇಂ’ ಅನ್ನೋದು ‘ಇಲ್ಲ’ ಅಲ್ಲ, ‘ಒಳಗೆ ತುಂಬಿದ’. ಇಂಪ್ಯಾಶನ್ಡ್ ಸ್ಪೀಚ್ ಅಂದರೆ ಆವೇಶದ ಭಾಷಣ. ಅವಸರದಲ್ಲಿ ಒಂದರ ಬದಲು ಇನ್ನೊಂದು ಬಿದ್ದರೆ ಅರ್ಥ ತಲೆಕೆಳಗಾಗುತ್ತೆ.

ಸ್ಟೋಯಿಕ್ ಬಗ್ಗೆಯೂ ಒಂದು ಮಾತು. ಕ್ರಿ.ಪೂ. 300ರ ಸುಮಾರಿಗೆ ಸಿಟಿಯಂನ ಝೀನೋ ಎಂಬ ತತ್ವಜ್ಞಾನಿ ಅಥೆನ್ಸ್‌ನಲ್ಲಿ ಚಿತ್ರ ಬರೆದ ಕಂಬಸಾಲಿನ ಜಗಲಿಯೊಂದರಲ್ಲಿ ಪಾಠ ಹೇಳುತ್ತಿದ್ದ. ಆ ಜಗಲಿಯ ಹೆಸರು ‘ಸ್ಟೋಆ’, ಅದರಿಂದಲೇ ಅವನ ಪಂಥದವರಿಗೆ ಸ್ಟೋಯಿಕ್ ಅಂತ ಹೆಸರು ಬಂತು. ಅವರ ತತ್ವ ಭಾವನೆಯೇ ಬೇಡ ಅಂತಲ್ಲ, ತಪ್ಪು ತಿಳಿವಳಿಕೆಯಿಂದ ಹುಟ್ಟುವ ಭಾವಾವೇಗ ಬೇಡ ಅಂತ. ಇಂಗ್ಲಿಷ್‌ನಲ್ಲಿ ಆ ಪಂಥದವರಿಗೆ ದೊಡ್ಡಕ್ಷರದ ‘ಎಸ್’, ಬರೀ ಸ್ವಭಾವಕ್ಕೆ ಸಣ್ಣಕ್ಷರ. ಅನುವಾದದಲ್ಲಿ ಈ ಒಂದು ಅಕ್ಷರ ತಪ್ಪಿದರೂ ಪಾತ್ರ ಗ್ರೀಕ್ ತತ್ವಜ್ಞಾನಿಯಾಗಿ ಬಿಡುತ್ತೆ.

ನಡುಹಗಲು: ಹಾಗಾದರೆ ಅಪಥೆಟಿಕ್? ಅದೂ ಅವರದ್ದೇ ಪದ ಅಲ್ವಾ?

ಹಳೆಗನ್ನಡಿ: ಹೌದು. ‘ಅಪಾಥೇಯಾ’ ಅವರಿಗೆ ಗುರಿಯಾಗಿತ್ತು, ಭಾವಾವೇಗಗಳಿಂದ ಬಿಡುಗಡೆ. ಇಂಗ್ಲಿಷ್‌ಗೆ ಬಂದು ಅದು ‘ಯಾವುದಕ್ಕೂ ತಲೆ ಕೆಡಿಸಿಕೊಳ್ಳದವನು’ ಅನ್ನೋ ಬೈಗುಳವಾಯಿತು. ನಮ್ಮ ‘ಉದಾಸೀನ’ಕ್ಕೂ ಇದೇ ಗತಿ. ಗೀತೆಯಲ್ಲಿ ಅದು ಭಕ್ತನ ಗುಣ, ಮನೆಮಾತಿನಲ್ಲಿ ‘ಎಷ್ಟು ಉದಾಸೀನ ನಿನಗೆ’ ಅಂತ ಗದರುವ ಪದ. ಹಾಗಾಗಿ ಅಪಥೆಟಿಕ್‌ಗೆ ಉದಾಸೀನ ಸರಿ, ಆದರೆ ಸ್ಥಿತಪ್ರಜ್ಞನಿಗೆ ಅಪಥೆಟಿಕ್ ಖಂಡಿತ ಬೇಡ.

ಇಳಿಹೊತ್ತು: ಫ್ಲೆಗ್‌ಮ್ಯಾಟಿಕ್ ಬಗ್ಗೆ ಯಾರೂ ಹೇಳಲಿಲ್ಲ. ಹಳೆಯ ಯುರೋಪಿನ ವೈದ್ಯದಲ್ಲಿ ರಕ್ತ, ಹಳದಿ ಪಿತ್ತ, ಕಪ್ಪು ಪಿತ್ತ, ಕಫ ಅಂತ ನಾಲ್ಕು ರಸಗಳು. ಕಫ ಹೆಚ್ಚಾದವನು ತಣ್ಣಗೆ, ನಿಧಾನ. ಕಫಪ್ರಕೃತಿ ಅಂದರೆ ಕನ್ನಡದವರಿಗೆ ಅರ್ಧ ಅರ್ಥ ಆಗಲೇ ಸಿಕ್ಕಿತು. ಇದು ಹುಟ್ಟುಗುಣದ ಪದ, ಕ್ಷಣದ್ದಲ್ಲ. ಸುದ್ದಿ ಕೇಳಿದ ಕ್ಷಣಕ್ಕೆ ಇಂಪ್ಯಾಸಿವ್ ಅನ್ನಬಹುದು, ಫ್ಲೆಗ್‌ಮ್ಯಾಟಿಕ್ ಅನ್ನೋದು ಹೊಂದಲ್ಲ. ಉಚ್ಚಾರಣೆಯಲ್ಲಿ ಕಫಕ್ಕೆ ‘ಫ್ಲೆಮ್’, ಅಲ್ಲಿ ಜಿ ಅಕ್ಷರ ಮೂಕ. ವಿಶೇಷಣದಲ್ಲಿ ಮಾತ್ರ ‘ಗ್’ ಕೇಳಿಸುತ್ತೆ.

ಸ್ಟಾಲಿಡ್ ಕೂಡ ಸ್ವಭಾವದ್ದೇ. ನೆಚ್ಚಿಕೊಳ್ಳಬಹುದಾದ, ಗಲಿಬಿಲಿಯಾಗದ ಮನುಷ್ಯ. ನನಗೆ ಅದು ಒಳ್ಳೆಯ ಪದ.

ತಿದ್ದೋಲೆ: ಪೂರ್ತಿ ಒಳ್ಳೆಯದಲ್ಲ. ಮೂಲ ಲ್ಯಾಟಿನ್‌ನಲ್ಲಿ ಮಂದಬುದ್ಧಿ ಅಂತಲೇ ಅರ್ಥ, ಆ ವಾಸನೆ ಇನ್ನೂ ಹೋಗಿಲ್ಲ. ಸಾಲಿಡ್ ಜೊತೆ ಪ್ರಾಸ ಕೂಡುವುದರಿಂದ ಗಟ್ಟಿಗ ಅನ್ನಿಸುತ್ತೆ, ನಿಜವಾಗಿ ‘ಚುರುಕಿಲ್ಲ’ ಅನ್ನೋ ಸೂಚನೆ ಇದೆ. ಹೊಗಳಬೇಕಾದರೆ ಅನ್‌ಫ್ಲಾಪಬಲ್ (ಯಾವುದಕ್ಕೂ ಗಲಿಬಿಲಿಯಾಗದವರು) ಹಾಕಿ. ತಣ್ಣನೆಯ ಪದಗಳಲ್ಲೂ ಹೀಗೇ: ಕೂಲ್ ಹೊಗಳಿಕೆ, ಕೋಲ್ಡ್ ಆರೋಪ.

ಒಳಮನೆ: ಒಂದು ಕಳಕಳಿಯ ಮಾತು. ಈಚೆಗೆ ಸುಮ್ಮನಿರುವವರಿಗೆಲ್ಲ ‘ಫ್ಲಾಟ್ ಅಫೆಕ್ಟ್’, ‘ಅಲೆಕ್ಸಿಥೈಮಿಯಾ’ ಅಂತ ಹಚ್ಚುವುದು ಕಾಣಿಸುತ್ತಿದೆ. ಇವು ಮನೋವೈದ್ಯರ ಪದಗಳು. ಭಾವದ ಹರವು ಕಿರಿದಾದರೆ ಕನ್‌ಸ್ಟ್ರಿಕ್ಟೆಡ್, ತೀವ್ರತೆ ಚೆನ್ನಾಗಿ ಕುಗ್ಗಿದರೆ ಬ್ಲಂಟೆಡ್, ಮುಖ ಮತ್ತು ದನಿಯಲ್ಲಿ ಬಹುತೇಕ ಏನೂ ಇಲ್ಲದಿದ್ದರೆ ಫ್ಲಾಟ್. ಇಲ್ಲಿ ಅಫೆಕ್ಟ್ ನಾಮಪದ, ಒತ್ತು ಮೊದಲ ಅಕ್ಷರದ ಮೇಲೆ. ಇವು ಹೇಳುವುದು ಹೊರಗೆ ಕಾಣುವ ಭಾವವನ್ನು, ಒಳಗಿನದನ್ನಲ್ಲ. ಅಲೆಕ್ಸಿಥೈಮಿಯಾ ಬೇರೆಯೇ. ಭಾವನೆ ಇರುತ್ತೆ, ಅದು ಯಾವುದು ಅಂತ ಗುರುತಿಸಲು, ಹೇಳಲು ಕಷ್ಟ. ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದ ಆರಂಭದಲ್ಲಿ ಗ್ರೀಕ್‌ನಿಂದ ಕಟ್ಟಿದ ಪದ, ‘ಭಾವಕ್ಕೆ ಮಾತಿಲ್ಲ’ ಅಂತ ಅರ್ಥ. ಅಳೆಯಲು 20 ಪ್ರಶ್ನೆಗಳ ಟೊರೊಂಟೊ ಮಾಪಕ ಇದೆ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮುಖದ ಸ್ನಾಯುಗಳ ಚಲನೆಯೇ ಕುಗ್ಗುತ್ತೆ, ಹೈಪೊಮಿಮಿಯಾ ಅಂತಾರೆ. ಕಣ್ಣು ಮಿಟುಕಿಸುವುದೂ ಕಡಿಮೆ. ಒಳಗೆ ಸಂತೋಷ ತುಂಬಿದ್ದರೂ ಮುಖ ಮುಖವಾಡದಂತೆ. ಮುಖ ಮಾತ್ರ ನೋಡಿ ಅಂಥವರನ್ನು ಅಪಥೆಟಿಕ್ ಅಥವಾ ಕೋಲ್ಡ್ ಅಂತ ಬರೆದರೆ ಅದು ಅನ್ಯಾಯ.

ನಡುಹಗಲು: ಒಪ್ಪಿದೆ. ಬೇಕಂತ ಮುಚ್ಚಿಡುವವರಿಗೆ ಪೋಕರ್ ಫೇಸ್, ಇಸ್ಪೀಟಾಟದಿಂದ ಬಂದದ್ದು. ನಗಿಸುತ್ತಲೇ ತಾನು ನಗದವನಿಗೆ ಡೆಡ್‌ಪ್ಯಾನ್. ಅಲ್ಲಿ ‘ಪ್ಯಾನ್’ ಬಾಣಲೆಯಲ್ಲ, ಅಮೆರಿಕದ ಆಡುಮಾತಲ್ಲಿ ಮುಖ. ಸಾವಿನ ಮನೆಯ ವಾಕ್ಯಕ್ಕೆ ಇವೆರಡೂ ಬೇಡವೇ ಬೇಡ.

ಮಸಿಕುಡಿಕೆ: ಮುಂದಿನ ಪುಟದಲ್ಲಿ ಪಕ್ಕದ ಮನೆಯಾಕೆ ಅವರ ಬಗ್ಗೆ ‘ಜಡ್ಡುಗಟ್ಟಿದ ಮನಸ್ಸು’ ಅನ್ನುತ್ತಾಳೆ. ಅದಕ್ಕೇನು?

ಹಳೆಗನ್ನಡಿ: ಕ್ಯಾಲಸ್. ಇಷ್ಟು ನೇರವಾಗಿ ಕೂರುವ ಜೋಡಿ ಅಪರೂಪ. ಎರಡೂ ಉಜ್ಜಿ ಉಜ್ಜಿ ಗಟ್ಟಿಯಾದ ಚರ್ಮದಿಂದಲೇ ಬಂದವು.

ತಿದ್ದೋಲೆ: ಹಾಗಿದ್ದರೆ ಮೊದಲ ವಾಕ್ಯದಲ್ಲಿ ಸ್ಟೋಯಿಕ್ ಹಾಕಲೇಬಾರದು. ಕಥೆಗಾರನೇ ಮೊದಲು ಹೊಗಳಿಬಿಟ್ಟರೆ ಆಕೆಯ ಮಾತು ಸುಳ್ಳು ಅಂತ ಓದುಗನಿಗೆ ಆಗಲೇ ಗೊತ್ತಾಗುತ್ತೆ. ಇಂಪ್ಯಾಸಿವ್ ಕೂಡ ಬಿಡಿ. ವಿಶೇಷಣವೇ ಇಲ್ಲದೆ ‘ನಾಟ್ ಎ ಲೈನ್ ಆಫ್ ಹಿಸ್ ಫೇಸ್ ಮೂವ್ಡ್’ ಅನ್ನಿ. ಮೂಲದಲ್ಲಿರುವುದೂ ಅದೇ, ಗೆರೆ ಕದಲಲಿಲ್ಲ.

ನಡುಹಗಲು: ಸ್ಟೋಯಿಕ್ ಬಗ್ಗೆ ನನ್ನ ವಾದ ಹಿಂದಕ್ಕೆ ತಗೊಂಡೆ. ಪಕ್ಕದ ಮನೆಯಾಕೆ ಇರೋದು ಮೊದಲೇ ಗೊತ್ತಿದ್ದರೆ ಹಾಗೆ ಹೇಳುತ್ತಿರಲಿಲ್ಲ.

ಮಸಿಕುಡಿಕೆ: ವಿಶೇಷಣ ತೆಗೆದೆ. ಎರಡನೇ ಪುಟದಲ್ಲಿ ಕ್ಯಾಲಸ್ ಇಟ್ಟಿದ್ದೇನೆ.