ಏಳು ವರ್ಷದ ಮಗುವನ್ನು ಜಿಮ್ನಾಸ್ಟಿಕ್ಸ್ ಸ್ಪರ್ಧೆಗೆ ಹಾಕಬಹುದಾ?

ಕದ್ರಿಯ ಅಮ್ಮ:
ನನ್ನ ಮಗಳಿಗೆ ಬರುವ ತಿಂಗಳು ಏಳು ತುಂಬ್ತದೆ. ಒಂದೂವರೆ ವರ್ಷದಿಂದ ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಹೋಗ್ತಾಳೆ, ವಾರಕ್ಕೆ ಎರಡು ದಿನ. ಅವಳಿಗೆ ಭಾರಿ ಖುಷಿ. ಮನೆಯಲ್ಲಿ ಸೋಫಾದ ಮೇಲಿಂದ ಲಾಗ ಹಾಕಿ ಹಾಕಿ ಸ್ಪ್ರಿಂಗ್ ಎಲ್ಲ ಹೊರಗೆ ಬಂದಿದೆ. ಹೋದ ವಾರ ಕೋಚ್ ನನ್ನನ್ನು ಕರೆದು, "ಇವಳ ಮೈ ಚೆನ್ನಾಗಿ ಬಾಗ್ತದೆ. ಡಿಸೆಂಬರಿನಲ್ಲಿ ಸ್ಪರ್ಧೆ ಉಂಟು, ಎಂಟರ ಒಳಗಿನವರಲ್ಲಿ ಹಾಕುವ. ಆದ್ರೆ ಇನ್ನು ವಾರಕ್ಕೆ ಐದು ದಿನ, ದಿನಕ್ಕೆ ಮೂರು ಗಂಟೆ ಬರಬೇಕು" ಅಂದ್ರು. ಮೊನ್ನೆ ಬಾಗಿಲಿನಿಂದ ಇಣುಕಿದಾಗ ಒಂದು ಮಗುವಿಗೆ ಕಾಲು ಪೂರ್ತಿ ಅಗಲಿಸಲಿಕ್ಕೆ ಹೇಳಿ, ಭುಜದ ಮೇಲೆ ಕೈಯಿಟ್ಟು ಒತ್ತುತ್ತಾ ಇದ್ರು. ಮಗು ಅಳ್ತಾ ಇತ್ತು. ಯಾರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆವತ್ತಿನಿಂದ ಮಂಡೆ ಬಿಸಿ. ಒಲಿಂಪಿಕ್ಸಿಗೆ ಹೋಗ್ಲಿಕ್ಕೆ 16 ಆಗಬೇಕು ಅಂತ ನಿಯಮ ಉಂಟಲ್ಲ, ಮತ್ತೆ ಈ ಸಣ್ಣ ಮಕ್ಕಳ ಸ್ಪರ್ಧೆಗೆ ಯಾಕೆ ಇಲ್ಲ?

ಅಜ್ಜರಕಾಡು ಓಟಗಾರ:
ಹಾಕಿ ಮೇಡಂ, ಧೈರ್ಯವಾಗಿ ಹಾಕಿ. ರೊಮೇನಿಯಾದ ಜಿಮ್ನಾಸ್ಟ್ ನಾಡಿಯಾ ಕೊಮನೆಚಿ 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಪೂರ್ತಿ ಹತ್ತು ಅಂಕ ತೆಗೆದಾಗ ಅವಳಿಗೆ 14. ಅಲ್ಲಿನ ಬೋರ್ಡಿಗೆ 10.00 ತೋರಿಸ್ಲಿಕ್ಕೇ ಆಗದೆ 1.00 ಅಂತ ಬಂತು. ನಮ್ಮ ತ್ರಿಪುರಾದ ದೀಪಾ ಕರ್ಮಾಕರ್ ಶುರು ಮಾಡಿದ್ದು ಆರರಲ್ಲಿ, ಅದೂ ಚಪ್ಪಟೆ ಪಾದ ಇಟ್ಟುಕೊಂಡು. ಇವರೆಲ್ಲ "ಮಗು ಸಣ್ಣದು" ಅಂತ ಮನೆಯಲ್ಲಿ ಕೂತಿದ್ರೆ ಆಗ್ತಿತ್ತಾ?

ಮೂಡುಬೆಳ್ಳೆ ಮೇಷ್ಟ್ರು:
ಓಟಗಾರರೇ, ಅರ್ಧ ಕಥೆ ಹೇಳಿ ನಿಲ್ಲಿಸಿದ್ರಿ. ನಾಡಿಯಾ ಕಾಲದಲ್ಲಿ ನಿಯಮವೇ 14 ಇತ್ತು. ಅವಳ ನಂತರ ಎಲ್ಲ ದೇಶದವರೂ ಸಣ್ಣ ಸಣ್ಣ ಹುಡುಗಿಯರನ್ನು ಹುಡುಕಲಿಕ್ಕೆ ಶುರು ಮಾಡಿದ್ರು. ಕಾರಣ ಸರಳ, ಮೈ ಸಣ್ಣದಿದ್ದಷ್ಟು ಗಾಳಿಯಲ್ಲಿ ತಿರುಗುವುದು ಸುಲಭ. ಆಮೇಲೆ ಜಿಮ್ನಾಸ್ಟಿಕ್ಸಿನ ಅಂತರರಾಷ್ಟ್ರೀಯ ಒಕ್ಕೂಟದವರು 1981ರಲ್ಲಿ 15 ಮಾಡಿದ್ರು, 1997ರಿಂದ 16. ಆ ವರ್ಷದ ಡಿಸೆಂಬರ್ 31ರ ಒಳಗೆ 16 ತುಂಬಿದ್ರೆ ಸಾಕು. ಮತ್ತೆ ದೀಪಾ ವಿಷಯ. ಶುರು ಮಾಡಿದ್ದು ಆರರಲ್ಲಿ, ನಿಜ. 2016ರ ರಿಯೊ ಒಲಿಂಪಿಕ್ಸಿನಲ್ಲಿ, ಓಡಿ ಬಂದು ಕೈಯೂರಿ ಹಾರುವ ವಾಲ್ಟ್‌ನಲ್ಲಿ, ಪ್ರೊಡುನೋವಾ ಅನ್ನುವ ಭಾರಿ ಕಷ್ಟದ ಲಾಗ ಹಾಕಿ 15.066 ತೆಗೆದು, 0.150ರಲ್ಲಿ ಕಂಚು ತಪ್ಪಿಸಿಕೊಂಡಾಗ ವಯಸ್ಸು 23. ಏಷ್ಯನ್ ಚಿನ್ನ ಗೆದ್ದದ್ದು 2024ರಲ್ಲಿ, 30ರಲ್ಲಿ. ಶುರು ಮಾಡುವುದು ಬೇರೆ, ಸ್ಪರ್ಧೆಗೆ ತಳ್ಳುವುದು ಬೇರೆ. ನಾನು ಮೂವತ್ತು ವರ್ಷ ಪಿ.ಇ. ಮೇಷ್ಟ್ರಾಗಿ ಇದ್ದವ, ಎರಡನ್ನೂ ನೋಡಿದ್ದೇನೆ.

ಹ್ವಾಯ್ ಕುಂದಾಪ್ರ:
ವಯಸ್ಸಿನ ನಿಯಮ ಅಂಬ್ರ್! ನಮ್ಮ ಅಪ್ಪಯ್ಯಂದ್ ಹುಟ್ಟಿದ್ ತಾರೀಕ್ ಜೂನ್ ಒಂದ್. ದೊಡ್ಡಪ್ಪಯ್ಯಂದೂ ಜೂನ್ ಒಂದ್. ಅತ್ತೆದೂ ಜೂನ್ ಒಂದ್. ಅಜ್ಜಿ ಕೇಂಡ್ರೆ ಒಬ್ಬ ಹುಟ್ಟದ್ ಕೊಡಿಹಬ್ಬದ್ ಟೈಮಲ್ಲ್, ಇನ್ನೊಬ್ಬ ಸೋಣಿ ತಿಂಗ್ಳಲ್ಲ್. ಶಾಲಿ ಮಾಸ್ಟ್ರ್ ಬರ್ದದ್ದೇ ಜಾತಕ.

ಮೂಡುಬೆಳ್ಳೆ ಮೇಷ್ಟ್ರು:
ನೀವು ನಗಾಡ್ತೀರಿ, ಆದ್ರೆ ನಿಯಮಕ್ಕೆ ಬಿದ್ದ ದೊಡ್ಡ ಹೊಡೆತ ಅದೇ. ಉತ್ತರ ಕೊರಿಯಾದ ಕಿಮ್ ಗ್ವಾಂಗ್ ಸುಕ್ ಅಂತ ಇದ್ದಳು, 1991ರ ವಿಶ್ವ ಚಾಂಪಿಯನ್. ಬೇರೆ ಬೇರೆ ವರ್ಷಗಳ ಕಾಗದದಲ್ಲಿ ಅವಳಿಗೆ ಯಾವಾಗಲೂ 15! ದೇಶವನ್ನೇ 1993ರ ವಿಶ್ವ ಚಾಂಪಿಯನ್‌ಶಿಪ್‌ನಿಂದ ಹೊರಗಿಟ್ಟರು. ಚೀನಾದ ಡಾಂಗ್ ಫಾಂಗ್‌ಶಿಯಾವ್ 2000ದ ಸಿಡ್ನಿಯಲ್ಲಿ ಆಡುವಾಗ 14 ಅಂತ ಗೊತ್ತಾದದ್ದು ಹೇಗೆ ಗೊತ್ತುಂಟಾ? 2008ರ ಬೀಜಿಂಗ್‌ಗೆ ಅಧಿಕಾರಿಯಾಗಿ ಬಂದಾಗ ಅವಳೇ ಕೊಟ್ಟ ಹುಟ್ಟಿದ ವರ್ಷ 1986. ಸಿಡ್ನಿಯಲ್ಲಿ ಬರೆಸಿದ್ದು 1983. ಹತ್ತು ವರ್ಷದ ನಂತರ, 2010ರಲ್ಲಿ, ಚೀನಾ ತಂಡದ ಕಂಚು ವಾಪಸ್ ಹೋಗಿ ಅಮೆರಿಕಕ್ಕೆ ಸಿಕ್ಕಿತು. ನಮ್ಮ ಶಾಲಾ ಕ್ರೀಡಾಕೂಟದಲ್ಲಿ 14ರ ಒಳಗಿನ ವಿಭಾಗದಲ್ಲಿ ಮೀಸೆ ಬಂದವರು ಓಡ್ತಾರೆ. ಅಲ್ಲಿ ದೊಡ್ಡವರನ್ನು ಸಣ್ಣವರು ಮಾಡುವುದು, ಇಲ್ಲಿ ಸಣ್ಣವರನ್ನು ದೊಡ್ಡವರು ಮಾಡುವುದು. ಅಷ್ಟೇ ವ್ಯತ್ಯಾಸ.

ಅಜ್ಜರಕಾಡು ಓಟಗಾರ:
ಅದನ್ನೇ ನಾನೂ ಹೇಳುವುದು! ನಿಯಮ ಮಾಡಿದ್ರೆ ಕಳ್ಳ ಕಾಗದ ಹುಟ್ತದೆ. ಟೋಕಿಯೊದಲ್ಲಿ ಸ್ಕೇಟ್‌ಬೋರ್ಡಿಂಗ್ ಚಿನ್ನ ಗೆದ್ದ ಜಪಾನಿನ ಹುಡುಗಿಗೆ 13. ಪ್ಯಾರಿಸಿಗೆ ಚೀನಾದಿಂದ 11 ವರ್ಷದವಳು ಬಂದಿದ್ಲು. ಅಲ್ಲಿ ಬಿದ್ರೆ ಸಿಮೆಂಟಿನ ಮೇಲೆ, ಇಲ್ಲಿ ಮ್ಯಾಟಿನ ಮೇಲೆ. ಒಲಿಂಪಿಕ್ ಸಮಿತಿ ತಾನಾಗಿ ಎಲ್ಲ ಆಟಕ್ಕೂ ಒಂದೇ ವಯಸ್ಸು ಹಾಕಲಿಲ್ಲ, ಆಯಾ ಆಟದ ಒಕ್ಕೂಟಕ್ಕೆ ಬಿಟ್ಟಿದೆ.

ಇನ್ನೊಂದು ವಿಷಯ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಎರಡು ಜಿಲ್ಲೆಯಲ್ಲಿ ಮಗುವಿಗೆ ಆಟ ಆಡ್ಲಿಕ್ಕೆ ಇರುವುದೇ ಎಂಟನೇ ಕ್ಲಾಸಿನವರೆಗೆ. 2024ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಮೊದಲು, 2025ರಲ್ಲಿ ದಕ್ಷಿಣ ಕನ್ನಡ ಮೊದಲು. ಆ ಜಗಳದಲ್ಲಿ ಒಂಬತ್ತನೇ ಕ್ಲಾಸಿಗೆ ಬಂದ ಮಗುವನ್ನು ಮೈದಾನಕ್ಕೆ ಕಳಿಸುವ ಅಪ್ಪ ಅಮ್ಮ ಎಷ್ಟು ಜನ? ನನ್ನನ್ನು ನಿಲ್ಲಿಸಿದ್ದು ಅಲ್ಲಿಯೇ. 400 ಮೀಟರಿನಲ್ಲಿ ರಾಜ್ಯಕ್ಕೆ ಹೋಗಿ ಬಂದವ ನಾನು, ಮರುದಿನ ಟ್ಯೂಷನ್. 16ರವರೆಗೆ ಕಾಯಿರಿ ಅಂದ್ರೆ ಇಲ್ಲಿ ಅರ್ಥ ಇಷ್ಟೇ, ಆಡಬೇಡಿ.

ಕದ್ರಿಯ ಅಮ್ಮ:
ಅದು ಮಾತ್ರ ನಿಜ ಅಣ್ಣ. ನನ್ನನ್ನು ಭರತನಾಟ್ಯ ಬಿಡಿಸಿದ್ದೂ ಒಂಬತ್ತನೇ ಕ್ಲಾಸಿನಲ್ಲೇ.

ಎಲುಬಿನ ಡಾಕ್ಟ್ರು:
ನಾನು ನಿತ್ಯ ನೋಡುವುದನ್ನು ಹೇಳ್ತೇನೆ. ಮಕ್ಕಳ ಮೂಳೆಯ ತುದಿಯಲ್ಲಿ ಮೆತ್ತಗಿನ ಒಂದು ಪದರ ಇರ್ತದೆ, ಗ್ರೋತ್ ಪ್ಲೇಟ್ ಅಂತ. ಉದ್ದ ಬೆಳೆಯುವುದು ಅಲ್ಲಿಂದಲೇ. ಹುಡುಗಿಯರಲ್ಲಿ ಹೆಚ್ಚುಕಡಿಮೆ 14ರಿಂದ 16ರಲ್ಲಿ ಅದು ಗಟ್ಟಿ ಮೂಳೆ ಆಗ್ತದೆ, ಹುಡುಗರಲ್ಲಿ ಎರಡು ವರ್ಷ ತಡ. ಜಿಮ್ನಾಸ್ಟಿಕ್ಸಿನ ವಿಶೇಷ ಎಂತ ಅಂದ್ರೆ, ಕಾಲು ಮಾಡುವ ಕೆಲಸವನ್ನು ಕೈ ಮಾಡ್ತದೆ. ಮೈಭಾರ ಪೂರ್ತಿ ಮಣಿಕಟ್ಟಿನ ಮೇಲೆ, ಅದೂ ದಿನಕ್ಕೆ ನೂರಾರು ಸಲ. ಹೆಬ್ಬೆರಳ ಕಡೆಯ ಮೂಳೆಯ ಆ ಪದರಕ್ಕೆ ಪೆಟ್ಟಾಗ್ತಾ ಆಗ್ತಾ ಅದು ಬೆಳೆಯುವುದನ್ನು ನಿಲ್ಲಿಸಿದ್ರೆ, ಪಕ್ಕದ ಮೂಳೆ ಮಾತ್ರ ಬೆಳೆದು ಮಣಿಕಟ್ಟು ಓರೆಯಾಗ್ತದೆ. ನಮ್ಮವರು ಇದಕ್ಕೆ ಇಟ್ಟ ಹೆಸರೇ ಜಿಮ್ನಾಸ್ಟ್ ಮಣಿಕಟ್ಟು. ಸೊಂಟವನ್ನು ಹಿಂದಕ್ಕೆ ಬಾಗಿಸಿ ಬಾಗಿಸಿ ಬೆನ್ನುಮೂಳೆಯಲ್ಲಿ ಸೀಳು ಬರುವುದೂ ಉಂಟು.

ಇಷ್ಟು ಹೇಳಿ ಹೆದರಿಸ್ಲಿಕ್ಕೆ ನನಗೆ ಮನಸ್ಸಿಲ್ಲ. ವಾರಕ್ಕೆ ಎರಡು ದಿನ ಲಾಗ ಹಾಕುವ ಮಗುವಿಗೆ ಹೀಗೆಲ್ಲ ಆಗುವುದು ಅಪರೂಪ, ಮೂಳೆಗೆ ಒಳ್ಳೆಯದೇ. ಜಿಮ್ನಾಸ್ಟಿಕ್ಸ್ ಮಾಡಿದ್ರೆ ಗಿಡ್ಡ ಆಗ್ತಾರೆ ಅನ್ನುವ ಮಾತನ್ನೂ ನಂಬಬೇಡಿ. ಗಿಡ್ಡ ಇದ್ದವರೇ ಆ ಆಟದಲ್ಲಿ ಉಳೀತಾರೆ, ಉದ್ದ ಆದವರು ಬಿಟ್ಟು ಹೋಗ್ತಾರೆ, ನಮಗೆ ಉಲ್ಟಾ ಕಾಣ್ತದೆ. ಹಾನಿ ಮಾಡುವುದು ವಯಸ್ಸಿಗಿಂತ ಗಂಟೆ. ಎರಡು ದಿನದಿಂದ ಒಮ್ಮೆಲೇ ಐದು ದಿನಕ್ಕೆ ಹಾರುವುದನ್ನು ಮೊದಲು ನಿಲ್ಲಿಸಿ. ಅಳುವ ಮಗುವಿನ ಭುಜ ಒತ್ತುವುದಕ್ಕೆ ಯಾವ ವೈದ್ಯಶಾಸ್ತ್ರದಲ್ಲೂ ಸಮರ್ಥನೆ ಇಲ್ಲ.

ಬಡಗು ವೇಷಧಾರಿ:
ಡಾಕ್ಟ್ರೇ, ಮಣಿಕಟ್ಟು ಆಯ್ತು, ಮಂಡಿ ಬಗ್ಗೆಯೂ ಹೇಳಿ. ಹದಿಮೂರಕ್ಕೆ ಯಕ್ಷಗಾನದಲ್ಲಿ ಬಭ್ರುವಾಹನ ಮಾಡಿ ಮಂಡಿ ಹಾಕಿದವ ನಾನು, ಅಂದ್ರೆ ಮಂಡಿಯ ಮೇಲೆ ಗಿರಗಿರ ಸುತ್ತಿದವ. ಜನ ಸೀಟಿ ಹೊಡೆದ್ರೆ ಇನ್ನೂ ಹತ್ತು ಸುತ್ತು ಜಾಸ್ತಿ. ಈಗ ನಲವತ್ತೈದು, ಮೆಟ್ಟಿಲು ಹತ್ತುವಾಗ ಒಂದೊಂದು ಸುತ್ತೂ ಲೆಕ್ಕ ಸಿಗ್ತದೆ.

ಸುರತ್ಕಲ್ ವಕೀಲೆ:
ಕಾನೂನಿನಲ್ಲಿ ಒಂದು ತಮಾಷೆ ಉಂಟು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. 14ರ ಒಳಗಿನವರಿಂದ ಕೆಲಸ ಮಾಡಿಸಬಾರದು, ಆದರೆ ಸಿನಿಮಾ, ಧಾರಾವಾಹಿ, ಕ್ರೀಡಾ ಚಟುವಟಿಕೆಗೆ ಬಿಡಬಹುದು, ಸರ್ಕಸ್ಸಿಗೆ ಮಾತ್ರ ಬಿಡಬಾರದು. ಸರ್ಕಸ್ಸಿನಲ್ಲಿ ಮಕ್ಕಳನ್ನು ಬಳಸಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿತ್ತು. ಅಂದ್ರೆ ಅದೇ ಮಗು, ಅದೇ ಲಾಗ, ಗುಡಾರದ ಒಳಗೆ ಹಾಕಿದ್ರೆ ಅಪರಾಧ, ಒಳಾಂಗಣ ಕ್ರೀಡಾಂಗಣದಲ್ಲಿ ಹಾಕಿದ್ರೆ ಪದಕ. ಬಾಲನಟರಿಗಾದ್ರೂ ದಿನಕ್ಕೆ ಐದು ಗಂಟೆಗಿಂತ ಹೆಚ್ಚಿಲ್ಲ, ಮೂರು ಗಂಟೆಗೊಮ್ಮೆ ವಿಶ್ರಾಂತಿ ಅಂತ ನಿಯಮ ಬರೆದಿದ್ದಾರೆ. ಫೀಸು ಕೊಟ್ಟು ಕ್ಲಾಸಿಗೆ ಹೋಗುವ ಮಗು ಕೆಲಸಗಾರಳಲ್ಲವಲ್ಲ, ಹಾಗಾಗಿ ಅವಳ ಗಂಟೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಅಜ್ಜರಕಾಡು ಓಟಗಾರ:
ವಕೀಲರೇ, ಆಟವನ್ನು ಸರ್ಕಸ್ಸಿಗೆ ಹೋಲಿಸಿದ್ದು ಸರಿ ಅಲ್ಲ.

ಸುರತ್ಕಲ್ ವಕೀಲೆ:
ಹೋಲಿಸಿದ್ದು ನಾನಲ್ಲ, ಕಾಯ್ದೆ. ಒಂದೇ ವಾಕ್ಯದಲ್ಲಿ ಎರಡನ್ನೂ ಬರೆದಿದ್ದಾರೆ.

ಬಿಟ್ಟುಬಂದವಳು:
ಇಷ್ಟು ದಿನ ಓದ್ತಾ ಮಾತ್ರ ಇದ್ದೆ. ನಾನು ಆರರಿಂದ ಹನ್ನೊಂದರವರೆಗೆ ಮಾಡಿದವಳು, ಬೇರೆ ಊರಿನಲ್ಲಿ. ಸ್ಪರ್ಧೆಗೆ ಸೇರಿದ ಮೇಲೆ ಎಲ್ಲ ಬದಲಾಯ್ತು. ಅದರ ಮೊದಲು ಬಿದ್ರೆ ನಾವೆಲ್ಲ ನಗಾಡ್ತಿದ್ದೆವು, ಆಮೇಲೆ ಬಿದ್ರೆ ಕೋಚ್ ಮುಖ ನೋಡ್ತಿದ್ದೆವು. ನಾವು ಮೇಲೆ ನಿಂತು ಲಾಗ ಹಾಕುವ ತೊಲೆ, ಅಂದ್ರೆ ಬೀಮ್, ಹತ್ತು ಸೆಂಟಿಮೀಟರ್ ಅಗಲ, ನೆಲದಿಂದ ಒಂದೂಕಾಲು ಮೀಟರ್ ಎತ್ತರ. ಒಂಬತ್ತು ವರ್ಷದವಳಿಗೆ ಅದು ಹೆಚ್ಚುಕಡಿಮೆ ತಲೆಮಟ್ಟ. ಕೈ ನೋಯ್ತದೆ ಅಂದ್ರೆ ತಂಡದಿಂದ ತೆಗೀತಾರೆ ಅಂತ ಹೇಳ್ತಿರಲಿಲ್ಲ. ರಾತ್ರಿ ಅಜ್ಜಿಯ ಹತ್ತಿರ ನೀಲಗಿರಿ ಎಣ್ಣೆ ಹಚ್ಚಿಸಿಕೊಳ್ತಿದ್ದೆ, ಅಮ್ಮನಿಗೆ ಹೇಳಬೇಡ ಅಂತ ಆಣೆ ಹಾಕಿಸಿ. ವಾಸನೆ ಬಂದು ಅಮ್ಮನಿಗೆ ಗೊತ್ತಾಯ್ತು.

16ರ ನಿಯಮ ನನ್ನಂಥವರಿಗೆ ಏನೂ ಮಾಡಲಿಲ್ಲ. 16ಕ್ಕೆ ದೊಡ್ಡ ವೇದಿಕೆ ಏರಬೇಕಾದ್ರೆ ಕಷ್ಟದ ಲಾಗ ಎಲ್ಲ 12ರಲ್ಲೇ ಕಲಿಸ್ತಾರೆ. ನಿಯಮ ಟಿವಿಯಲ್ಲಿ ಕಾಣುವ ಆ ಎರಡು ನಿಮಿಷಕ್ಕೆ ಮಾತ್ರ. ಹಾಗಂತ ನಿಯಮ ದಂಡ ಅಂತ ನಾನು ಹೇಳುವುದಿಲ್ಲ. ಅಮೆರಿಕದ ಸಿಮೋನ್ ಬೈಲ್ಸ್ 2012ರ ಲಂಡನ್ ಒಲಿಂಪಿಕ್ಸಿಗೆ ಹೋಗ್ಲಿಕ್ಕೆ ಆಗಲಿಲ್ಲ, ಆಗ 15. ಎಂತ ಕಳಕೊಂಡಳು? 2024ರಲ್ಲಿ 27ಕ್ಕೆ ಸಮಗ್ರ ಚಿನ್ನ. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ 46ಕ್ಕೆ ಟೋಕಿಯೊದಲ್ಲಿ ವಾಲ್ಟ್ ಹಾರಿದ್ದಾರೆ. ಅವಸರ ಯಾರಿಗೆ ಅಂತ ಕೇಳಿದ್ರೆ ಮಕ್ಕಳಿಗಂತೂ ಅಲ್ಲ.

ಇನ್ನೊಂದು, ಇದನ್ನು ಬರೀಬೇಕಾ ಬೇಡವಾ ಅಂತ ಯೋಚಿಸಿದೆ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ಗೆ ಲೈಂಗಿಕ ದೌರ್ಜನ್ಯಕ್ಕಾಗಿ 2018ರಲ್ಲಿ ಶಿಕ್ಷೆ ಆಗುವಾಗ 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ಕೋರ್ಟಿನಲ್ಲಿ ನಿಂತು ಮಾತಾಡಿದ್ರು. ಸಣ್ಣಂದಿನಿಂದ ಬಾಯಿಮುಚ್ಚಿ ನೋವು ನುಂಗಲಿಕ್ಕೆ ಕಲಿಸಿದ ಮಗುವಿಗೆ, ಯಾವ ನೋವನ್ನು ನುಂಗಬಾರದು ಅಂತ ಗೊತ್ತಾಗುವುದಿಲ್ಲ. ಕದ್ರಿಯ ಅಕ್ಕ, ಆ ಭುಜ ಒತ್ತುವ ವಿಷಯ ನೋಡಿ ನಾನು ಬರೆದದ್ದು.

ಮೂಡುಬೆಳ್ಳೆ ಮೇಷ್ಟ್ರು:
ತಂಗಿ ಹೇಳಿದ್ದರಲ್ಲಿ ನಾನು ಸೇರಿಸುವುದು ಒಂದೇ. ಐಸ್ ಸ್ಕೇಟಿಂಗಿನವರು 2022ರಲ್ಲಿ ರಷ್ಯಾದ 15 ವರ್ಷದ ಕಮಿಲಾ ವಲಿಯೆವಾಳ ಉದ್ದೀಪನ ಮದ್ದಿನ ಪ್ರಕರಣ ಆದ ಮೇಲೆ 15 ಇದ್ದ ವಯಸ್ಸನ್ನು ಹಂತಹಂತವಾಗಿ 17ಕ್ಕೆ ಏರಿಸಿದ್ರು. ಮೇಲಿನವರು ಬದಲಾಗ್ತಾರೆ, ಆದ್ರೆ ಯಾವುದಾದ್ರೂ ಒಂದು ಮಗು ಎಲ್ಲರ ಎದುರು ಅತ್ತ ಮೇಲೆ. ನಮ್ಮ ಊರಿನ ಮಟ್ಟದಲ್ಲಿ ಬೇಕಾದದ್ದು ಹತ್ತರ ಒಳಗಿನವರಿಗೆ ಪದಕ, ರ‍್ಯಾಂಕ್ ಇಲ್ಲದ ಪ್ರದರ್ಶನ. ಕಲಿತದ್ದನ್ನು ತೋರಿಸಲಿ, ಎಲ್ಲರಿಗೂ ಲಡ್ಡು ಕೊಡಿ.

ಅಜ್ಜರಕಾಡು ಓಟಗಾರ:
ಲಡ್ಡಿಗೆ ಯಾರು ಬೆಳಿಗ್ಗೆ ಐದಕ್ಕೆ ಏಳ್ತಾರೆ ಮೇಷ್ಟ್ರೇ!

ಹ್ವಾಯ್ ಕುಂದಾಪ್ರ:
ನಾನ್ ಏಳ್ತೆ.

ಕದ್ರಿಯ ಅಮ್ಮ:
ನಿನ್ನೆ ಹೋಗಿ ಕೋಚ್ ಹತ್ತಿರ ಮಾತಾಡಿದೆ. ಎರಡೇ ದಿನ ಕಳಿಸ್ತೇನೆ, ನನ್ನ ಮಗಳ ಭುಜ ಯಾರೂ ಒತ್ತಬಾರದು, ಪೋಷಕರಿಗೆ ಒಳಗೆ ಕೂರ್ಲಿಕ್ಕೆ ಒಂದು ಬೆಂಚು ಹಾಕಿ ಅಂದೆ. ಮೊದಲ ಎರಡಕ್ಕೆ ಒಪ್ಪಿದ್ರು. ಬೆಂಚಿಗೆ "ಮಕ್ಕಳ ಗಮನ ಹೋಗ್ತದೆ" ಅಂದ್ರು. ನಾನು ಪ್ಲಾಸ್ಟಿಕ್ ಕುರ್ಚಿ ಮನೆಯಿಂದ ತರ್ತೇನೆ ಅಂದೆ. ಡಿಸೆಂಬರಿಗೆ ಹೆಸರು ಕೊಡಲಿಲ್ಲ. ಮಗಳು ಕೇಳಿದ್ದು ಒಂದೇ, ಶನಿವಾರದ ಟ್ರ್ಯಾಂಪೊಲಿನ್ ಉಂಟಾ ಇಲ್ವಾ ಅಂತ.

ಅಜ್ಜರಕಾಡು ಓಟಗಾರ:
ಆಯ್ತು ಮೇಡಂ, ನಿಮ್ಮ ಮಗಳು, ನಿಮ್ಮ ಇಷ್ಟ. ಡಿಸೆಂಬರಿನಲ್ಲಿ ಪಕ್ಕದ ಮನೆ ಹುಡುಗಿ ಪದಕ ಹಾಕಿಕೊಂಡು ಸ್ಟೇಟಸ್ ಹಾಕುವಾಗ ಹೊಟ್ಟೆ ಉರಿಯಬಾರದು.

ಕದ್ರಿಯ ಅಮ್ಮ:
ಉರಿಯಬಹುದು ಅಣ್ಣ. ಮಜ್ಜಿಗೆ ಕುಡೀತೇನೆ.