ಸಹಾಯ ಬೇಕು: ಪೆನ್ನಿನ ಹಿತ್ತಾಳೆ ಕೊಳವೆಯ ತುದಿ ಸಮ ಬರ್ತಿಲ್ಲ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ರ ಇರೋದು, ಬಿಡುವಿದ್ದಾಗ ಹಲಸು, ಬೀಟೆ ತುಂಡುಗಳಲ್ಲಿ ಪೆನ್ನು ಮಾಡ್ತೀನಿ. ಮರಕ್ಕೆ ತೂತು ಕೊರೆದು 7 ಮಿ.ಮೀ. ಹಿತ್ತಾಳೆ ಕೊಳವೆ ಅಂಟಿಸಿ, ಆಮೇಲೆ ಕೈಯಲ್ಲಿ ತಿರುಗಿಸೋ ಟ್ರಿಮ್ಮರ್‌ನಿಂದ (ಕೊಳವೆ ಒಳಗೆ ಕೂರೋ ಕಡ್ಡಿ, ಅದರ ಬುಡದಲ್ಲಿ ಹಲ್ಲಿರೋ ಕಟರ್) ತುದಿ ಹೆರೆಯೋದು. ಹಿತ್ತಾಳೆ ಸುತ್ತಲೂ ಹೊಳೆದ ತಕ್ಷಣ ನಿಲ್ಲಿಸಬೇಕು. ಜಾಸ್ತಿ ಹೋದ್ರೆ ಕೊಳವೆ ಗಿಡ್ಡ ಆಗಿ ರೀಫಿಲ್ ಮೂತಿ ಒಳಗೆ ಹೋಗೋದೇ ಇಲ್ಲ.

ನನ್ನ ತೊಂದ್ರೆ ಏನಂದ್ರೆ, ಒಂದು ಬದಿ ಹೊಳೆಯುತ್ತೆ, ಇನ್ನೊಂದು ಬದೀಲಿ ಮರ ಹಾಗೇ ಇರುತ್ತೆ. ಜೋಡಿಸಿದಾಗ ಪೆನ್ನಿನ ಎರಡು ಭಾಗ ಸೇರೋ ನಡುವಿನ ಬಳೆ ಹತ್ರ ಸಂದು ಕಾಣುತ್ತೆ. ವರ್ನಿಯರ್ ಹಿಡಿದು ನೋಡಿದ್ರೆ ಟ್ರಿಮ್ಮರ್ ಕಡ್ಡಿ 6 ಮಿ.ಮೀ., ಕೊಳವೆ ಒಳಗೆ ಸುಮಾರು 6.3. ಅಲ್ಲಾಡದೆ ಇನ್ನೇನು? ಕೊಳವೆ ಒಳಗಿನ ಅಂಟು ಕೆರೆದು ತೆಗೆದೆ. ಕಡ್ಡಿಗೆ ಟೇಪ್ ಸುತ್ತಿದೆ, ತಿರುಗಿಸ್ತಾ ಸುಕ್ಕಾಗಿ ಈಚೆ ಬಂತು. ಹಲಸು ಹೇಗೋ ಸುಧಾರಿಸುತ್ತೆ, ಬೀಟೆ ಮಾತ್ರ ಅಂಚಲ್ಲಿ ಚಕ್ಕೆ ಏಳುತ್ತೆ. ಹಾಗಾಗಿ ಕಟರ್ ಬಾಯಿಯೂ ಮೊಂಡಾಗಿದೆ ಅನ್ಸುತ್ತೆ. ಇಲ್ಲಿನ ಮರ ಕೆತ್ತೋ ಗುಡಿಗಾರರಿಗೆ ಉಳಿ ಮಸೆಯೋದು ನೀರು ಕುಡಿದಷ್ಟು ಸುಲಭ, ಆದ್ರೆ ನಾಲ್ಕು ಹಲ್ಲಿನ ಈ ಕಟರ್ ಬೇರೆ ಜಾತಿ. ಒಂದು ಹಲ್ಲು ಹೆಚ್ಚು ಸವೆದ್ರೆ ಮುಗೀತು, ಉಳಿದ ಮೂರೇ ಕೆಲಸ ಮಾಡೋದು.

ಎರಡೇ ಪ್ರಶ್ನೆ. ಲೇತ್‌ನಲ್ಲಿ ಹಿತ್ತಾಳೆ ಬುಶ್ (ಕಡ್ಡಿ ಮೇಲೆ ಕೂರೋ ತೆಳು ಕೊಳವೆ) ಮಾಡಿಸಿ ಕಡ್ಡಿಗೆ ಹಾಕಿದ್ರೆ ಸಾಕಾ, ಅಥವಾ 6.3ರ ಹೊಸ ಕಡ್ಡಿಯೇ ಬೇಕಾ? ಹಲ್ಲು ಮಸೆಯೋದು ಮುಂದಿನ ಮುಖಾನಾ, ಕೆಳಗಿನ ಮುಖಾನಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.